ತೂಬು ಯಾರ ಕೈಯಲ್ಲಿ?

(ಮಂಡ್ಯದಲ್ಲಿ ಮಾಡಿದ ಭಾಷಣವೊಂದರ ಬರಹ ರೂಪ)

ಮದ್ದೂರಿನ ಎಳನೀರು ಮಾರುಕಟ್ಟೆಯನ್ನು ನಿಮ್ಮಲ್ಲಿ ಬಹುಮಂದಿ ನೋಡಿದ್ದೀರಿ. ತೋಟದಿಂದ ಬಂದ ಕಾಯಿ ರಾಶಿಗೆ ಬೀಳುತ್ತದೆ, ರಾಶಿಯಿಂದ ಲಾರಿಗೆ ಏರುತ್ತದೆ, ಲಾರಿ ದೂರದ ಊರಿಗೆ ಹೊರಡುತ್ತದೆ. ಇವತ್ತು ಒಂದು ಎಳನೀರಿನ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಅಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಅದೇ ಮದ್ದೂರಿನ ಪಕ್ಕದಲ್ಲಿ ಶಿಂಷಾ ಹೊಳೆ ಹರಿಯುತ್ತದೆ. ಆ ಕಾಯಿಯೊಳಗಿನ ನೀರು ಈ ಹೊಳೆಯ, ಈ ನಾಲೆಯ, ಈ ಕೆರೆಗಳ ತೇವದಿಂದಲೇ ಬಂದದ್ದು. ಆದರೆ ಹೊಳೆಗೆ ಬೆಲೆ ಎಷ್ಟು ಎಂದು ಕೇಳಿದರೆ ಹೇಳುವ ದಲ್ಲಾಳಿ ಯಾವ ಮಾರುಕಟ್ಟೆಯಲ್ಲೂ ಇಲ್ಲ.

ದಲ್ಲಾಳಿ ಇಲ್ಲದ ಕಡೆ ಅರ್ಥಶಾಸ್ತ್ರಜ್ಞರು ಬಂದಿದ್ದಾರೆ. ಅವರ ಉಪಾಯ ಸರಳವಾದದ್ದು. ಮನೆ ಮನೆಗೆ ಹೋಗಿ, ‘ಈ ಕೆರೆಯನ್ನು ಉಳಿಸಲು ವರ್ಷಕ್ಕೆ ನೀವು ಎಷ್ಟು ರೂಪಾಯಿ ಕೊಡಲು ಸಿದ್ಧ?’ ಎಂದು ಕೇಳುತ್ತಾರೆ. ಬಂದ ಉತ್ತರಗಳ ಸರಾಸರಿ ತೆಗೆದು, ಅದನ್ನು ಮನೆಗಳ ಸಂಖ್ಯೆಯಿಂದ ಗುಣಿಸಿ, ಕೆರೆಯ ಬೆಲೆ ಇಷ್ಟು ಎಂದು ಕಾಗದದ ಮೇಲೆ ಬರೆಯುತ್ತಾರೆ. ಇದು ನಗೆಯಾಡುವ ಸಂಗತಿಯಲ್ಲ. 1989ರಲ್ಲಿ ಅಲಾಸ್ಕಾದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಹಡಗಿನಿಂದ ತೈಲ ಚೆಲ್ಲಿ ಹಕ್ಕಿ, ಮೀನು, ನೀರುನಾಯಿಗಳು ಸತ್ತಾಗ ನಷ್ಟದ ಲೆಕ್ಕ ಹಾಕಿದ್ದು ಹೀಗೆಯೇ. ಅಲಾಸ್ಕಾವನ್ನು ಎಂದೂ ನೋಡದ ಅಮೆರಿಕದ ಮನೆಗಳವರನ್ನು ಕೇಳಿ ಮಾಡಿದ ಆ ಲೆಕ್ಕ 280 ಕೋಟಿ ಡಾಲರಿಗೆ ಬಂದು ನಿಂತಿತು. ಈ ವಿಧಾನವನ್ನು ನಂಬಬಹುದೇ ಎಂದು ಪರಿಶೀಲಿಸಲು ಅಲ್ಲಿನ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. ನೊಬೆಲ್ ಪಡೆದ ಕೆನೆತ್ ಆರೋ ಮತ್ತು ರಾಬರ್ಟ್ ಸೊಲೊ ಅದರ ಮುಂದಾಳುಗಳು. ಎಚ್ಚರಿಕೆಯಿಂದ ಮಾಡಿದರೆ ನಂಬಬಹುದು ಎಂದು 1993ರಲ್ಲಿ ಸಮಿತಿ ಹೇಳಿತು. ಅಂದಿನಿಂದ ಜಗತ್ತಿನಾದ್ಯಂತ ಕಾಡು, ಕೆರೆ, ಗಾಳಿ, ಕುಡಿಯುವ ನೀರು ಎಲ್ಲದಕ್ಕೂ ಈ ಪ್ರಶ್ನೆ ಕೇಳಲಾಗುತ್ತಿದೆ.

ಈ ಪ್ರಶ್ನೆಯನ್ನು ಮಳವಳ್ಳಿಯ ಸಂತೆಯಲ್ಲಿ ಕೇಳಿ ನೋಡಿ. ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ‘ಕೊಡೋಣ ಸ್ವಾಮಿ, ಯಾರ ಕೈಗೆ ಕೊಡಬೇಕು?’ ಪಂಚಾಯಿತಿಗೋ, ನೀರಾವರಿ ಇಲಾಖೆಗೋ, ಊರಿನ ದೇವಸ್ಥಾನದ ಕಮಿಟಿಗೋ, ಸಂಘಕ್ಕೋ? ಒಬ್ಬೊಬ್ಬರ ಹೆಸರು ಹೇಳಿದಾಗಲೂ ರೂಪಾಯಿ ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಸೊನ್ನೆಗೆ ಬಂದು ನಿಲ್ಲುತ್ತದೆ. ಕೆರೆ ಅದೇ, ನೀರು ಅದೇ, ಉತ್ತರ ಹೇಳುವ ಮನುಷ್ಯನೂ ಅವನೇ.

ಈ ಸೊನ್ನೆಯ ವಿಷಯವನ್ನು ಸ್ವಲ್ಪ ಗಮನಿಸಬೇಕು. ಸಮೀಕ್ಷೆಯಲ್ಲಿ ಎರಡು ಬಗೆಯ ಸೊನ್ನೆ ಬರುತ್ತವೆ. ಒಂದು, ‘ಆ ಕೆರೆ ನನಗೆ ಬೇಕಾಗಿಲ್ಲ’ ಎನ್ನುವವನ ಸೊನ್ನೆ. ಇನ್ನೊಂದು, ‘ಕೆರೆ ನನಗೆ ಬೇಕು, ಆದರೆ ನೀವು ಹೇಳುವವರ ಕೈಗೆ ನಾನು ಕಾಸು ಕೊಡುವುದಿಲ್ಲ’ ಎನ್ನುವವನ ಸೊನ್ನೆ. ಎರಡನೆಯದಕ್ಕೆ ಅರ್ಥಶಾಸ್ತ್ರಜ್ಞರು ಪ್ರತಿಭಟನೆಯ ಸೊನ್ನೆ ಎಂದು ಹೆಸರಿಟ್ಟಿದ್ದಾರೆ. ಸಾಮಾನ್ಯವಾಗಿ ಲೆಕ್ಕ ಮಾಡುವ ಮುಂಚೆ ಇವುಗಳನ್ನು ಬದಿಗೆ ಹಾಕುತ್ತಾರೆ. ಕಲ್ಲು ಆರಿಸಿದ ಮೇಲೆ ಅಕ್ಕಿ ಅಳೆದ ಹಾಗೆ. ಸಮೀಕ್ಷೆ ಮಾಡುವವರಿಗೆ ಅದು ಅನುಕೂಲವಿರಬಹುದು. ಆದರೆ ನಮ್ಮ ಜಿಲ್ಲೆಯ ನೀರಿನ ಕಥೆಯೆಲ್ಲ ಇರುವುದು ಹಾಗೆ ಆರಿಸಿ ಎಸೆದ ಕಲ್ಲಿನಲ್ಲೇ ಎಂಬುದು ನನ್ನ ಅನಿಸಿಕೆ. ಇಲಾಖೆಗಳು ಇನ್ನೂ ದೊಡ್ಡ ತಪ್ಪು ಮಾಡುತ್ತವೆ. ಅವು ಎರಡೂ ಸೊನ್ನೆಯನ್ನು ಒಂದೇ ಎಂದು ತಿಳಿದು, ‘ಜನಕ್ಕೆ ಕೆರೆಯ ಬೆಲೆ ಗೊತ್ತಿಲ್ಲ’ ಎಂದು ಷರಾ ಬರೆಯುತ್ತವೆ. ಆ ಷರಾದ ಬೆನ್ನಿಗೇ ಕೆರೆಯಂಗಳ ಬಸ್ ನಿಲ್ದಾಣವಾಗುತ್ತದೆ, ಬಡಾವಣೆಯಾಗುತ್ತದೆ.

ಬೆಲೆ ಕಟ್ಟುವುದಕ್ಕೂ ಅದನ್ನು ನೋಡಿಕೊಳ್ಳುವವನ ಮೇಲಿನ ನಂಬಿಕೆಗೂ ಇರುವ ಈ ನಂಟು ಹೊಸದಲ್ಲ. ಅದಕ್ಕೆ ಸಾಕ್ಷಿಯಾಗಿ ಮದ್ದೂರು ತಾಲ್ಲೂಕಿನದೇ ಒಂದು ಕಲ್ಲಿದೆ. ಆತಕೂರಿನ ಶಾಸನವನ್ನು ನಾವು ಶಾಲೆಯಲ್ಲಿ ನಾಯಿಯ ಶಾಸನ ಎಂದು ಓದಿದವರು. ಕ್ರಿ.ಶ. 949-50ರ ಕಾಲ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದಾಗ ಗಂಗರ ಬೂತುಗ ಅವನ ಜೊತೆಗಿದ್ದ. ಬೂತುಗನ ಬಂಟ ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿದೆ, ಬೇಕಾದ್ದು ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟರು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ನನಗೆ ಕುತೂಹಲವಿರುವುದು ಅದರ ಕೊನೆಯ ಸಾಲುಗಳಲ್ಲಿ. ಕಲ್ಲಿನ ಪೂಜೆಗೆಂದು ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಕೆರೆಯ ಕೆಳಗಿನ ಮಣ್ಣು ಎಂದರೆ ನೀರುಂಡ ಗದ್ದೆ, ಅಂದರೆ ಬೆಳೆ ಖಾತರಿಯಾದ ಭೂಮಿ. ಆಮೇಲೆ ಷರತ್ತು ಬರುತ್ತದೆ. ಉಳುವವನಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಈ ಮಣ್ಣನ್ನು ಕೆಡಿಸಿದರೆ ಆ ನಾಯಿಯ ಪಾಪ ಅವನಿಗೆ. ದೇವಾಲಯ ನೋಡಿಕೊಳ್ಳುವ ಗೊರವನೇ ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂತರೆ ಅವನಿಗೂ ಅದೇ ಪಾಪ. ನೋಡಿ, ಹತ್ತನೆಯ ಶತಮಾನದ ಮನುಷ್ಯ ಹಣ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಯಾವ ಜಮೀನಿನ ಹುಟ್ಟುವಳಿ, ಅದು ಯಾವ ಕೆಲಸಕ್ಕೆ, ಕೆಲಸ ಯಾರದು, ಮಾಡದಿದ್ದರೆ ಏನು ಎಂಬ ನಾಲ್ಕನ್ನೂ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೆತ್ತಿಸಿದ. ಇಂದಿನ ಎಷ್ಟೋ ಯೋಜನಾ ವರದಿಗಳಲ್ಲಿ ಮೂರನೆಯದೂ ನಾಲ್ಕನೆಯದೂ ಹುಡುಕಿದರೆ ಸಿಗುವುದಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ಊರಿನಲ್ಲಿದ್ದಾಗ ಅದಕ್ಕೆ ಗದ್ದೆಯಿತ್ತು, ಅಲ್ಲಿ ಅದಕ್ಕೆ ಟಿಕೆಟ್ಟಿದೆ.

ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗಿ, ದಶವಂದ ಎಂಬ ಮಾತುಗಳೂ ಇದೇ ಜಾತಿಯವು. ಕೆರೆ ಕಟ್ಟಿದವನಿಗೆ, ಕೆರೆಯ ಹೂಳು ತೆಗೆಸುವವನಿಗೆ, ಏರಿ ನೋಡಿಕೊಳ್ಳುವವನಿಗೆ ಆ ಕೆರೆಯ ನೀರು ಕುಡಿಯುವ ಭೂಮಿಯಲ್ಲೇ ಪಾಲು. ಕೆರೆ ತುಂಬಿದರೆ ಅವನ ಹೊಟ್ಟೆಯೂ ತುಂಬುತ್ತದೆ, ಕೆರೆ ಒಡೆದರೆ ಅವನ ಗದ್ದೆಯೂ ಬೀಳು. ನೀರುಗಂಟಿಯ ವ್ಯವಸ್ಥೆಯೂ ಹಾಗೆಯೇ ಇತ್ತು. ತೂಬು ಎತ್ತುವುದು, ಇಳಿಸುವುದು, ಸರದಿಯ ಪ್ರಕಾರ ಒಂದೊಂದು ಗದ್ದೆಗೆ ನೀರು ಕಟ್ಟುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಧಾನ್ಯ. ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಆ ಗದ್ದೆಯ ಒಡೆಯ ಕಣದಲ್ಲಿ ಮೊರವನ್ನು ಅರ್ಧಕ್ಕೇ ನಿಲ್ಲಿಸಬಹುದಾಗಿತ್ತು. ಅರ್ಜಿ ಬೇಡ, ಮೇಲ್ಮನವಿ ಬೇಡ.

ಇದನ್ನು ಹೇಳಿ, ‘ಆಹಾ ನಮ್ಮ ಹಿರಿಯರು’ ಎಂದು ಕಣ್ಣು ಮುಚ್ಚಿ ಕೂರುವವರ ಪೈಕಿ ನಾನಲ್ಲ. ನೀರುಗಂಟಿಯ ಕೆಲಸ ವಂಶಪಾರಂಪರ್ಯವಾಗಿತ್ತು. ಬಹಳ ಊರುಗಳಲ್ಲಿ ಅದು ದಲಿತ ಕುಟುಂಬಗಳ ಹೆಗಲ ಮೇಲಿತ್ತು. ಇಡೀ ಊರಿಗೆ ನೀರು ಕಟ್ಟುವವನಿಗೆ ಊರಿನ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕಿರಲಿಲ್ಲ. ಅಂಥ ವ್ಯವಸ್ಥೆ ಮುರಿದುಬಿದ್ದದ್ದಕ್ಕೆ ಅಳಬೇಕಾಗಿಲ್ಲ. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯಿತಿಗಳ ಕಾಯಿದೆ ತಂದು ಊರವರ ಹೊಣೆಯನ್ನು ಕಾನೂನಿನ ಚೌಕಟ್ಟಿಗೆ ತರಲು ನೋಡಿತು. ಸ್ವಾತಂತ್ರ್ಯದ ನಂತರ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಹಳೆಯ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋಗಬೇಕಾದದ್ದೇ. ಆದರೆ ಹುದ್ದೆಯ ಜೊತೆಗೆ ಕೆಲಸವೂ ಹೋಯಿತು. ನ್ಯಾಯವಾದ ಸಂಬಳಕ್ಕೆ, ಜಾತಿ ನೋಡದೆ, ಊರಿಗೆ ಉತ್ತರ ಹೇಳುವ ಒಬ್ಬ ಮನುಷ್ಯನನ್ನು ತೂಬಿನ ಬಳಿ ನಿಲ್ಲಿಸುವ ಬದಲಿ ಏರ್ಪಾಡನ್ನು ನಾವು ಮಾಡಲಿಲ್ಲ. ಕೆರೆ ದೊಡ್ಡದಾದರೆ ಒಂದು ಇಲಾಖೆ, ಚಿಕ್ಕದಾದರೆ ಪಂಚಾಯಿತಿ, ಅದರೊಳಗಿನ ಮೀನಿಗೆ ಇನ್ನೊಬ್ಬರು, ಏರಿಯ ಮೇಲಿನ ಮರಕ್ಕೆ ಮತ್ತೊಬ್ಬರು. ಊರಿನವನ ಬಾಯಲ್ಲಿ ‘ನಮ್ಮ ಕೆರೆ’ ಎಂಬುದು ‘ಸರ್ಕಾರಿ ಕೆರೆ’ ಆದದ್ದು ಹೀಗೆ. ಕೆರೆಯ ನೀರು ಆ ಮಾತಿನಿಂದ ಒಂದು ತೊಟ್ಟೂ ಕಡಿಮೆಯಾಗಲಿಲ್ಲ. ಹೂಳು ತೆಗೆಯಲು ಬರುವ ಆಳುಗಳು ಕಡಿಮೆಯಾದರು.

ಇನ್ನು ನಾಲೆಯ ಮಾತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಅಂದಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಹುಟ್ಟಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು ಪಡೆದ ಆ ಕಾಲುವೆ ಹುಲಿಕೆರೆಯ ಸುರಂಗ ದಾಟಿ ಬಂದು ರಾಗಿ ಹೊಲಗಳ ಸೀಮೆಯನ್ನು ಕಬ್ಬು ಭತ್ತದ ಸೀಮೆ ಮಾಡಿತು. ಅದರ ಬೆನ್ನಿಗೇ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ವಿಶ್ವೇಶ್ವರಯ್ಯನವರ ಪಟ ಇಲ್ಲದ ಮನೆ ಈ ಸೀಮೆಯಲ್ಲಿ ಅಪರೂಪ. ನೀರಿನ ಬೆಲೆ ಮಂಡ್ಯದ ರೈತನಿಗೆ ಗೊತ್ತಿಲ್ಲ ಎನ್ನುವವರು ಆ ಪಟವನ್ನು ಒಮ್ಮೆ ನೋಡಬೇಕು. ಆದರೆ ಅದೇ ಇರ್ವಿನ್ ನಾಲೆಯ ರೈತರು, ನೀರು ಬಂದ ಹೊಸದರಲ್ಲೇ, ಸರ್ಕಾರ ಹೊರಿಸಿದ ಕರದ ವಿರುದ್ಧ ಚಳವಳಿಗೆ ಇಳಿದರು ಎಂಬುದೂ ಚರಿತ್ರೆ. ನೀರಿಗೆ ಕೈ ಮುಗಿದರು, ಕರಕ್ಕೆ ಕೈ ಅಡ್ಡ ಹಿಡಿದರು. ಎರಡೂ ಒಂದೇ ಕೈ.

ಈಗಿನ ಲೆಕ್ಕಕ್ಕೆ ಬನ್ನಿ. 2000ದಲ್ಲಿ ಕರ್ನಾಟಕ ಸರ್ಕಾರ ಗೊತ್ತುಮಾಡಿದ ನೀರಿನ ದರ ಎಕರೆ ಕಬ್ಬಿಗೆ 400 ರೂಪಾಯಿ, ಭತ್ತಕ್ಕೆ 100 ರೂಪಾಯಿ. ಒಂದು ಎಕರೆ ಕಬ್ಬಿನ ಗೊಬ್ಬರ, ಕೂಲಿ, ಸಾಗಾಣಿಕೆಯ ಮುಂದೆ ಈ ನಾನೂರು ಯಾವ ಮೂಲೆಗೆ? ಆದರೂ ವಸೂಲಿಯಾಗುವುದು ಕಷ್ಟ. ಅದೇ ರೈತ ಕೊಳವೆಬಾವಿ ಕೊರೆಸಲು ಸಾಲ ಮಾಡುತ್ತಾನೆ. ಒಂದು ಹಾಳಾದರೆ ಇನ್ನೊಂದು ಕೊರೆಸುತ್ತಾನೆ. ನೀರಿಗೆ ಖರ್ಚು ಮಾಡಲು ಮನಸ್ಸಿಲ್ಲದವನ ನಡತೆಯೇ ಇದು? ಕೊಳವೆಬಾವಿಯ ಸ್ವಿಚ್ಚು ಅವನ ಕೈಯಲ್ಲಿದೆ. ನಾಲೆಯ ಗೇಟು ಯಾರ ಕೈಯಲ್ಲಿದೆ ಎಂಬುದು ಅವನಿಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದರೂ ಆ ಕೈ ಅವನ ಮಾತು ಕೇಳುವುದಿಲ್ಲ. ನಾಲೆಯ ಮೇಲ್ಭಾಗದವನು ಬೇಕಾದಾಗ ಗದ್ದೆ ತುಂಬಿಸಿಕೊಂಡರೆ, ಮದ್ದೂರು ಮಳವಳ್ಳಿ ಕಡೆಯ ಕೊನೆ ಭಾಗದವನು ನೀರು ಬರುವುದೋ ಇಲ್ಲವೋ ಎಂದು ನಾಲೆಯ ದಡದಲ್ಲಿ ಕೂತು ಕಾಯುತ್ತಾನೆ. ಇಬ್ಬರಿಗೂ ದರ ಒಂದೇ. ಇಂಥ ದರವನ್ನು ಕಟ್ಟದಿರುವುದು ಜಿಪುಣತನವಲ್ಲ, ಒಂದು ಬಗೆಯ ತೀರ್ಪು.

ಇದಕ್ಕೆ ಮದ್ದಾಗಿ 2000ದಲ್ಲಿ ನೀರಾವರಿ ಕಾಯಿದೆ ತಿದ್ದಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದರು. ಸಂಘ ಇಲಾಖೆಯಿಂದ ಸಗಟು ನೀರು ಪಡೆದು, ತಾನೇ ಹಂಚಿ, ತಾನೇ ಹಣ ವಸೂಲು ಮಾಡಬೇಕು ಎಂಬುದು ಆಶಯ. 2003ರಲ್ಲಿ ಕಾವೇರಿ ನೀರಾವರಿ ನಿಗಮವೂ ಬಂತು. ಆಶಯ ಒಳ್ಳೆಯದೇ. ಎಲಿನಾರ್ ಆಸ್ಟ್ರಂ ಎಂಬ ವಿದ್ವಾಂಸೆ 1990ರ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅವರೂ ಅವರ ಸಂಗಡಿಗರೂ ನೇಪಾಳದ ನೂರಾರು ಕಾಲುವೆಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು ವಿಚಿತ್ರವಾಗಿತ್ತು. ಇಂಜಿನಿಯರುಗಳು ಸಿಮೆಂಟು ಹಾಕಿ ಕಟ್ಟಿದ ಕಾಲುವೆಗಳಿಗಿಂತ, ರೈತರೇ ಕಲ್ಲು ಮಣ್ಣು ಸೊಪ್ಪು ತುಂಬಿ ಕಟ್ಟಿಕೊಂಡ ಒರಟು ಕಾಲುವೆಗಳಲ್ಲಿ ಕೊನೆಯ ಗದ್ದೆಗೆ ನೀರು ಹೆಚ್ಚು ಚೆನ್ನಾಗಿ ಮುಟ್ಟುತ್ತಿತ್ತು. ಪ್ರತಿವರ್ಷ ಕಟ್ಟೆ ರಿಪೇರಿಗೆ ಕೊನೆಯವನ ತೋಳೂ ಬೇಕಾಗಿದ್ದರಿಂದ ಮೊದಲಿನವನು ಅವನನ್ನು ಮರೆಯುವಂತಿರಲಿಲ್ಲ. ನಮ್ಮ ಸಂಘಗಳಿಗೆ ಕೊಟ್ಟದ್ದು ವಸೂಲಿ ಪುಸ್ತಕ. ಗೇಟಿನ ಕೀಲಿಯನ್ನು ಯಾರೂ ಮನಸಾರೆ ಬಿಟ್ಟುಕೊಡಲಿಲ್ಲ.

ಪಟ್ಟಣದ ಕಥೆಯಲ್ಲಿ ಇದು ಇನ್ನೂ ಬೇಗ ಅರ್ಥವಾಗುತ್ತದೆ. ನಲ್ಲಿಯ ಕಂದಾಯ ಬಾಕಿ ಇಟ್ಟಿರುವ ಮನೆಯ ಹುಡುಗ ಬೆಳಿಗ್ಗೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತಿರುತ್ತಾನೆ. ಐದರ ನಾಣ್ಯ ಹಾಕಿದರೆ ನೀರು ಬರುತ್ತದೆ, ಕ್ಯಾನ್ ತುಂಬಿದರೆ ನಿಲ್ಲುತ್ತದೆ. ಲೀಟರ್ ಲೆಕ್ಕದಲ್ಲಿ ಅವನು ನಲ್ಲಿ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಿದ್ದಾನೆ. ಗೊಣಗುವುದಿಲ್ಲ. ಹಾಕಿದ ನಾಣ್ಯಕ್ಕೂ ಬಂದ ನೀರಿಗೂ ನಡುವೆ ಅವನ ಕಣ್ಣಿಗೆ ಕಾಣದ್ದು ಏನೂ ಇಲ್ಲ. ಆದರೆ ಈ ಘಟಕಕ್ಕೆ ನೀರು ಕೊಡುವ ಅಂತರ್ಜಲಕ್ಕೆ ಯಾರೂ ನಾಣ್ಯ ಹಾಕುವುದಿಲ್ಲ. ಅಂತರ್ಜಲ ತುಂಬಿಸುವ ಕೆರೆ ಮತ್ತೆ ‘ಸರ್ಕಾರಿ ಕೆರೆ’ಯೇ.

ಸಂಸ್ಥೆಯೇ ಇಲ್ಲದೆ ಒಬ್ಬನೇ ಮನುಷ್ಯ ನೀರಿಗೆ ಬೆಲೆ ಕಟ್ಟಿದ್ದೂ ನಮ್ಮಲ್ಲೇ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದ ಮೇಲೆ ಮೃಗಪಕ್ಷಿಗಳಿಗೆ ಕುಡಿಯಲು ನೀರಿಲ್ಲವೆಂದು ತಾವೇ ಕಟ್ಟೆಗಳನ್ನು ತೋಡಲು ಶುರುಮಾಡಿದವರು. ಅದಕ್ಕಾಗಿ ಕುರಿ ಮಾರಿದವರು. 2020ರ ಜೂನ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಅವರ 16 ಕಟ್ಟೆಗಳನ್ನು ನೆನೆದಾಗ ದೇಶಕ್ಕೆಲ್ಲ ಅವರ ಹೆಸರು ಗೊತ್ತಾಯಿತು. 2022ರಲ್ಲಿ ಅವರು ತೀರಿಕೊಂಡರು. ಅವರನ್ನು ಯಾವ ಸಮೀಕ್ಷೆಯವನಾದರೂ ‘ಎಷ್ಟು ಕೊಡಲು ಸಿದ್ಧ’ ಎಂದು ಕೇಳಿದ್ದರೆ ಅವರು ಕುರಿಗಳ ಲೆಕ್ಕ ಹೇಳಬೇಕಾಗುತ್ತಿತ್ತು. ಪ್ರಶಸ್ತಿ, ಹಾರ, ಶಾಲು ಕೊಡುವುದು ನಮಗೆ ಚೆನ್ನಾಗಿ ಗೊತ್ತು. ಅವರು ತೋಡಿದ ಕಟ್ಟೆಗಳ ಹೂಳನ್ನು ಮುಂದೆ ವರ್ಷ ವರ್ಷವೂ ತೆಗೆಯುವವರು ಯಾರು ಎಂಬ ಪ್ರಶ್ನೆ ಮಾತ್ರ ಶಾಲಿನ ಮಡಿಕೆಯಲ್ಲಿ ಉಳಿದುಹೋಗುತ್ತದೆ.

ಕೊನೆಗೆ ಕೊಕ್ಕರೆ ಬೆಳ್ಳೂರಿಗೆ ಬರುತ್ತೇನೆ. ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಊರಿನಲ್ಲಿದೆ.

ಮದ್ದೂರು ತಾಲ್ಲೂಕಿನ ಈ ಊರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವಿನ ಹುಣಿಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತವೆ. ಹಿಂದೆ ಊರು ಶಿಂಷಾ ದಡದಲ್ಲಿತ್ತು, ಪ್ಲೇಗು ಬಂದು ಜನ ಊರು ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಅವರ ಪಾಲಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಕ್ಕಿ ಬಂದರೆ ಮಳೆ ಬೆಳೆ, ಬರದಿದ್ದರೆ ಅಪಶಕುನ. ನಂಬಿಕೆಯ ಜೊತೆಗೆ ಲೆಕ್ಕವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಯ ಗೋಡು ಬೆರೆಸಿ ಹೊಲಕ್ಕೆ ಹಾಕುತ್ತಿದ್ದರು. ಗೂಡು ಕಟ್ಟಿದ ಮರದ ಹುಣಿಸೆ ಫಸಲು ಕೆಡುತ್ತಿತ್ತು. ಗೊಬ್ಬರದಿಂದ ಅಷ್ಟಿಷ್ಟು ತುಂಬುತ್ತಿತ್ತು. ಉಳಿದದ್ದು ಮಗಳಿಗೆ ಮಾಡಿದ ಖರ್ಚು. ಮಗಳ ಖರ್ಚಿಗೆ ಯಾರು ರಸೀತಿ ಇಡುತ್ತಾರೆ?

ಗೊಬ್ಬರದ ಅಂಗಡಿಗಳಲ್ಲಿ ಯೂರಿಯಾ ಮೂಟೆ ಬಂದ ಮೇಲೆ ಹಿಕ್ಕೆಯ ಬೆಲೆ ಇಳಿಯಿತು, ಮರದ ಬೆಲೆ ಏರಿತು. ಮರಗಳು ಒಂದೊಂದಾಗಿ ಉರುಳುವ ಭಯ ಬಂತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಅಧ್ಯಯನ ಮಾಡಿ ಹೊರಜಗತ್ತಿನ ಗಮನಕ್ಕೆ ತಂದರು. ಅವರ ಪ್ರಯತ್ನದಿಂದ, ಗೂಡುಗಳಿರುವ ಮರದ ಒಡೆಯನಿಗೆ ಫಸಲು ನಷ್ಟಕ್ಕೆ ಪರಿಹಾರವಾಗಿ ಇಂತಿಷ್ಟು ಹಣ ಕೊಡುವ ಪದ್ಧತಿ ಇಲಾಖೆಯಲ್ಲಿ ಬಂತು. ಅದು ದೂರದೃಷ್ಟಿಯ ಕೆಲಸ. ಬಡ ರೈತನ ಮರದ ಮೇಲೆ ನಾಡಿನ ಹಕ್ಕಿ ಸಾಕುವಾಗ ನಾಡು ಕಾಸು ಬಿಚ್ಚಬೇಕಾದದ್ದು ನ್ಯಾಯ. ಆ ಹಣ ಅನೇಕ ಮರಗಳನ್ನು ಉಳಿಸಿರಲೂಬೇಕು.

ಆದರೆ ಹಣ ಬಂದ ದಿನ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಮಗಳ ಖರ್ಚಿಗೆ ರಸೀತಿ ಬಂತು. ಹಕ್ಕಿಗೆ ಒಂದು ದರ ಬಂದಿತು, ಅದನ್ನು ಕೊಡುವ ಇಲಾಖೆ ಅದರ ಯಜಮಾನನಂತೆ ಕಂಡಿತು. ಪರಿಹಾರ ಹುಣಿಸೆಯ ಬೆಲೆಗೆ ಸಾಟಿಯಿಲ್ಲ, ಅದೂ ಹೊತ್ತಿಗೆ ಸರಿಯಾಗಿ ಕೈಸೇರುವುದಿಲ್ಲ ಎಂಬ ದೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಮಗಳೆಂದುಕೊಂಡಿದ್ದಾಗ ಏನೂ ಬಾರದಿದ್ದರೂ ಬೇಸರವಿರಲಿಲ್ಲ. ಇಲಾಖೆಯ ಹಕ್ಕಿ ಎಂದಾದ ಮೇಲೆ ಬಾಕಿ ಉಳಿದ ಪ್ರತಿ ರೂಪಾಯಿಯೂ ಅವಮಾನ.

ಇದು ನಮ್ಮ ಹಳ್ಳಿಯವರ ವಿಚಿತ್ರ ಸ್ವಭಾವ ಎಂದು ಯಾರೂ ತಿಳಿಯಬಾರದು. ಸ್ವಿಟ್ಜರ್ಲೆಂಡಿನ ವೋಲ್ಫೆನ್‌ಶೀಸನ್ ಎಂಬ ಹಳ್ಳಿಯ ಕಥೆ ಕೇಳಿ. ಅಣುಸ್ಥಾವರಗಳ ಕಸವನ್ನು ಹೂಳಲು ಆ ಊರನ್ನು ಆರಿಸುವ ಯೋಚನೆಯಿತ್ತು. 1993ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನವರ ಅಭಿಪ್ರಾಯ ಕೇಳಿದರು. ದೇಶಕ್ಕಾಗಿ ಇದನ್ನು ಒಪ್ಪುತ್ತೀರಾ ಎಂದಾಗ 50.8 ಶೇಕಡ ಜನ ಒಪ್ಪಿದರು. ಒಪ್ಪಿದರೆ ವರ್ಷ ವರ್ಷ ಪರಿಹಾರ ಕೊಡುತ್ತಾರೆ ಎಂದು ಸೇರಿಸಿ ಕೇಳಿದಾಗ ಒಪ್ಪಿದವರು 24.6 ಶೇಕಡಕ್ಕೆ ಇಳಿದರು. ಹಣ ಸೇರಿಸಿದರೆ ಒಪ್ಪಿಗೆ ಅರ್ಧವಾಯಿತು! ಮೊದಲ ಪ್ರಶ್ನೆ ಅವರನ್ನು ಪ್ರಜೆಗಳೆಂದು ಮಾತಾಡಿಸಿತ್ತು, ಎರಡನೆಯದು ಗಿರಾಕಿಗಳೆಂದು.

ಹಾಗಾದರೆ ಬೆಳ್ಳೂರಿನಲ್ಲಿ ಪರಿಹಾರ ನಿಲ್ಲಿಸಿಬಿಡಬೇಕೆ? ಖಂಡಿತ ಬೇಡ. ಹೊಟ್ಟೆ ತುಂಬಿದ ಪಟ್ಟಣದವನು ಹಳ್ಳಿಯವನಿಗೆ ಭಕ್ತಿ ಬೋಧಿಸುವುದು ಅನ್ಯಾಯ. ಹಣ ಯಾರ ಕೈಯಿಂದ, ಯಾವ ಮಾತಿನ ಜೊತೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರದ ಒಂದು ತುಣುಕು ಆ ಊರಿನಲ್ಲೇ ಹುಟ್ಟಿತು. 1994ರಲ್ಲಿ ಮೈಸೂರಿನ ಪ್ರಕೃತಿಪ್ರಿಯರ ಜೊತೆಗೂಡಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. ಮೀನು ತಿನ್ನಿಸಿದ ಮರಿ ಇಲಾಖೆಯದು ಎಂದು ಯಾವ ಹುಡುಗನೂ ಒಪ್ಪಲಾರ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಕಾಯಿದೆಯಲ್ಲಿ ಈ ಬಗೆಯ ಮೀಸಲಿಗೆ ಒಂದು ವಿಶೇಷವಿದೆ. ಜನರನ್ನು ಹೊರಗೆ ಹಾಕುವುದಿಲ್ಲ, ಜಮೀನು ಕಿತ್ತುಕೊಳ್ಳುವುದಿಲ್ಲ. ಅಂದಿನ ನಿಯಮದಂತೆ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಐವರು, ಇಲಾಖೆಯವರು ಒಬ್ಬರು. ಕಾಗದದ ಮೇಲಾದರೂ ತೂಬು ಊರಿನ ಕೈಗೆ ಬಂತು.

ಆದರೆ ಹಕ್ಕಿ ಸಮಿತಿಯ ಗಡಿಯೊಳಗೆ ಮೀನು ಹಿಡಿಯುವುದಿಲ್ಲ. ಅದು ಸೂಳೆಕೆರೆಗೆ, ಮದ್ದೂರು ಕೆರೆಗೆ, ಶಿಂಷಾ ಮಡುಗಳಿಗೆ ಹಾರಿಹೋಗುತ್ತದೆ. 2017ರ ಕೊನೆಯಲ್ಲಿ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಕೆಳಗೆ ಬಿದ್ದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು. ತಿಂದ ಮೀನಿನ ಮೂಲಕ ಬಂದವು ಎಂದು ಪಶುವೈದ್ಯರು ಹೇಳಿದರು. ಹಕ್ಕಿ ಅರಣ್ಯ ಇಲಾಖೆಯದು, ಕೆರೆ ನೀರಾವರಿಯವರದು, ಮೀನು ಹರಾಜು ಹಿಡಿದವರದು, ಕೆರೆಗೆ ಇಳಿಯುವ ಚರಂಡಿ ಪಟ್ಟಣದವರದು. ಸತ್ತ ಹಕ್ಕಿಯನ್ನು ಎತ್ತಿ ಹೂಳಿದವರು ಊರಿನವರೂ ಅರಣ್ಯ ಸಿಬ್ಬಂದಿಯೂ. ಕೆರೆಯ ನೀರು ಹೇಗಿರಬೇಕು, ಬೇಸಿಗೆಯಲ್ಲಿ ಹಕ್ಕಿಗೆ ಎಷ್ಟು ನೀರು ಉಳಿಸಬೇಕು, ಮೀನಿನ ಹರಾಜು ಹೇಗೆ ಆಗಬೇಕು ಎಂಬ ಮಾತು ಐವರು ಮತ್ತು ಒಬ್ಬರ ಆ ಸಮಿತಿಯ ಮೇಜಿಗೆ ಬರುವಂಥದ್ದಲ್ಲ.

ಮುಂದಿನ ಸಲ ನೀವು ಬೆಳ್ಳೂರಿಗೆ ಹೋದಾಗ ದುರ್ಬೀನು ಹಿಡಿದು ಗೂಡುಗಳನ್ನು ಎಣಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ಹಿತ್ತಿಲಿನ ಹುಣಿಸೆಯ ಒಡತಿಯ ಹತ್ತಿರವೂ ಕೂತು ಮಾತಾಡಿ. ಅವಳ ಮರಕ್ಕೆ ಎರಡು ಬೆಲೆಗಳಿವೆ. ಒಂದು ಸೌದೆ ವ್ಯಾಪಾರಿ ಹೇಳುವುದು. ಮರ ಉರುಳಿದ ಸಂಜೆಯೇ ಸೆರಗಿನ ತುದಿಗೆ ಕಟ್ಟಿಕೊಳ್ಳಬಹುದಾದ ನೋಟು. ಇನ್ನೊಂದು ಕಡತದಲ್ಲಿರುವುದು. ಎರಡನ್ನೂ ಬಲ್ಲ ಅವಳು ಮರವನ್ನು ಈ ವರ್ಷವೂ ಕಡಿಸಿಲ್ಲ.